ಅಯ್ಯನವರು ಬರದ ಭಾನುವಾರ ವಾಕ್ಯ ಹೇಳೋದು ಹೇಗೆ? ಮೊದಲ ಸಲ ನಿಲ್ಲೋರಿಗೆ ಒಂದು ಮಾರ್ಗದರ್ಶಿ

ಅಯ್ಯನವರು, ಅಂದ್ರೆ ಚರ್ಚ್ ನಡೆಸೋ ಪಾದ್ರಿಗಳು, ಇಲ್ಲದ ದಿನ ವಾಕ್ಯ ಹೇಳೋದು, ಅಂದ್ರೆ ಬೈಬಲ್ ಭಾಗ ಓದಿ ಪ್ರಸಂಗ ಮಾಡೋದು, ಹೇಗೆ ಅನ್ನೋ ಪ್ರಶ್ನೆ ತಿಂಗಳಿಗೆ ಎರಡು ಸಲ ಆದ್ರೂ ಬರುತ್ತೆ, ಪ್ರತಿ ಸಲ ಫೋನಲ್ಲಿ ಅರ್ಧ ಗಂಟೆ ಹೇಳೋದಕ್ಕಿಂತ ಒಂದೇ ಸಲ ಕೂತು ಬರೆದುಬಿಡೋಣ ಅಂತ. ಸಕಲೇಶಪುರದ ಕಡೆಯಿಂದ ಒಬ್ರು, ಬಾಳೆಹೊನ್ನೂರಿಂದ ಒಬ್ರು, ಆಲೂರು ಹತ್ರದ ಒಂದು ಹಳ್ಳಿಯಿಂದ ಒಬ್ಬ ಹುಡುಗಿ, ಎಲ್ಲರದ್ದೂ ಒಂದೇ ಮಾತು: "ಬರೋ ಭಾನುವಾರ ಅಯ್ಯನವರು ಬರಲ್ವಂತೆ, ಹಿರಿಯರು ವಾಕ್ಯ ಹೇಳೋದನ್ನ ನನ್ ತಲೆಗೆ ಕಟ್ಟಿದ್ದಾರೆ, ಎಲ್ಲಿಂದ ಶುರು ಮಾಡ್ಲಿ?"

ನಮ್ಮ ಕಡೆ ಇದು ಹೊಸದೇನಲ್ಲ. ಒಬ್ಬ ಅಯ್ಯನವರ ಕೈಲಿ ಮೂರು ನಾಲ್ಕು ಸಭೆ, ಅಂದ್ರೆ ಊರೂರಿನ ಚರ್ಚ್, ಇರುತ್ತೆ, ಒಂದು ಕಡೆ ಬೆಳಿಗ್ಗೆ ಆರಾಧನೆ ಮುಗಿಸಿ ಬೈಕ್ ಹತ್ತಿ ಇನ್ನೊಂದು ಕಡೆಗೆ ಓಡಬೇಕು, ಜುಲೈ ಮಳೇಲಿ ಮರ ಬಿದ್ದು ರಸ್ತೆ ಬಂದ್ ಆದ್ರೆ ಮುಗೀತು. ಆಗ ಯಾರೋ ಒಬ್ರು ನಿಲ್ಲಲೇಬೇಕು. ಆ ಯಾರೋ ಒಬ್ರು ನೀವಾಗಿದ್ರೆ, ಇದು ನಿಮಗೆ.

ಬೇಕಾಗೋದು ಜಾಸ್ತಿ ಏನಿಲ್ಲ. ಒಂದು ಬೈಬಲ್, ಆಗಿದ್ರೆ ಎರಡು ಬೇರೆ ಬೇರೆ ಅನುವಾದ. ಒಂದು ನೋಟ್‌ಬುಕ್, ಪೆನ್. ದಿನಕ್ಕೆ ಅರ್ಧ ಗಂಟೆ ಹಾಗೆ ಆರು ದಿನ. ಶನಿವಾರ ರಾತ್ರಿ ಮೂರು ಗಂಟೆ ಕೂತ್ಕೋತೀನಿ ಅನ್ನೋರು ದಯವಿಟ್ಟು ಬೇಡ, ಅಷ್ಟೊತ್ತಿಗೆ ಯೂಟ್ಯೂಬ್ ಬಿಟ್ಟು ಬೇರೆ ದಾರಿ ಇರಲ್ಲ, ಭಾನುವಾರ ನಿಮ್ಮ ಬಾಯಲ್ಲಿ ಬೇರೆ ಯಾರದ್ದೋ ಪ್ರಸಂಗ ಬರುತ್ತೆ, ಹುಡುಗರು ಅದನ್ನ ಆಗಲೇ ರೀಲ್ಸ್‌ನಲ್ಲಿ ನೋಡಿರ್ತಾರೆ.

ಹಂತ 1: ನಿಮ್ಮ ಗಡಿ ಎಲ್ಲಿವರೆಗೆ ಅಂತ ಕೇಳ್ಕೊಳ್ಳಿ

ಒಪ್ಕೊಂಡ ದಿನವೇ ಅಯ್ಯನವರಿಗೆ ಫೋನ್ ಮಾಡಿ. ಏನೇನು ನೀವು ಮಾಡಬಹುದು, ಏನು ಬಿಡಬೇಕು ಅಂತ ಬಾಯಿಬಿಟ್ಟು ಕೇಳಿ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚ್‌ಗಳಲ್ಲಿ ಪ್ರಭು ಭೋಜನ, ಅಂದ್ರೆ ರೊಟ್ಟಿ ದ್ರಾಕ್ಷಾರಸ ಹಂಚೋ ಸಂಸ್ಕಾರ, ನಡೆಸೋದು ಅಭಿಷಿಕ್ತ ಸಭಾಪಾಲಕರೇ, ಅಂದ್ರೆ ಕೈಯಿಟ್ಟು ನೇಮಿಸಿದ ಅಯ್ಯನವರು, ಅದಕ್ಕೆ ನೀವು ಕೈ ಹಾಕಬೇಡಿ. ಕಥೋಲಿಕರಲ್ಲಿ ಬಲಿಪೂಜೆ (ಮಾಸ್) ಮಧ್ಯದ ಪ್ರಬೋಧನೆ, ಅಂದ್ರೆ ಪ್ರಸಂಗ, ಗುರುಗಳದ್ದು ಇಲ್ಲಾ ಅವರ ಕೆಳಗಿನ ಹಂತದ ಡೀಕನ್‌ದು, ಆದ್ರೆ ಮನೆ ಕೂಟದಲ್ಲಿ, ಫಾದರ್ ಇಲ್ಲದಿದ್ದಾಗ ಅವರ ಅನುಮತಿಯಿಂದ ನಡೆಯೋ ಪ್ರಾರ್ಥನೆಯಲ್ಲಿ ನೀವು ವಾಕ್ಯ ಹಂಚ್ಕೋಬಹುದು. ಸ್ವತಂತ್ರ ಸಭೆಗಳಲ್ಲಿ ಅವರವರ ಪದ್ಧತಿ ಅವರವರಿಗೆ. ಇಷ್ಟು ಕೇಳ್ಕೊಂಡ್ರೆ ಆಮೇಲೆ ಹಿರಿಯರ ಮೀಟಿಂಗ್‌ನಲ್ಲಿ ನಿಮ್ಮ ಹೆಸರು ಬರಲ್ಲ.

ಹಂತ 2: ವಿಷಯ ಹುಡುಕಬೇಡಿ, ಭಾಗ ಆರಿಸಿ

ಎಲ್ಲರೂ ಎಡವೋದು ಇಲ್ಲೇ. "ವಿಶ್ವಾಸ" ಅಂತ ವಿಷಯ ತಗೊಂಡು, ಬೈಬಲ್ ಹಿಂದಿನ ಪದಕೋಶದಲ್ಲಿ ವಿಶ್ವಾಸ ಅನ್ನೋ ಪದ ಎಲ್ಲೆಲ್ಲಿದೆಯೋ ಅಷ್ಟೂ ಗುಡ್ಡೆ ಹಾಕ್ತಾರೆ. ನಾನೂ ಅದನ್ನೇ ಮಾಡಿದ್ದೆ, ಮೊದಲ ಸಲ 14 ಕಡೆ ತೆಗೆಸಿ ಓದಿಸಿದ್ದೆ. ಮುಗಿದ ಮೇಲೆ ಒಂದು ಅಜ್ಜಿ ಬಂದು "ಚೆನ್ನಾಗಿತ್ತು ಮಗಾ, ಪುಟ ತಿರುವಿ ತಿರುವಿ ಬೆರಳು ನೋವು ಬಂತು ಅಷ್ಟೇ" ಅಂದ್ರು.

ಒಂದೇ ಭಾಗ ಸಾಕು, 15ರಿಂದ 20 ವಚನ. ಸಿಎಸ್‌ಐ ಸಭೆಯಾದ್ರೆ ಆಲ್ಮನಾಕ್‌ನಲ್ಲಿ, ಅಂದ್ರೆ ವರ್ಷದ ಪ್ರತಿ ಭಾನುವಾರಕ್ಕೆ ವಿಷಯ ಮತ್ತು ಪಾಠ ಕೊಟ್ಟಿರೋ ಪುಸ್ತಕದಲ್ಲಿ, ಆ ವಾರದ ಪಾಠ ಇರುತ್ತೆ. ಕಥೋಲಿಕರಿಗೆ ಮೂರು ವರ್ಷಕ್ಕೊಂದು ಸುತ್ತು ಬರೋ ವಾಚನಗಳ ಪಟ್ಟಿ ಇದೆ. ಅದನ್ನೇ ತಗೊಳ್ಳಿ. ನಿಮಗಿಷ್ಟವಾದ ಭಾಗ ನೀವೇ ಆರಿಸೋದಕ್ಕಿಂತ ಇದು ಒಳ್ಳೇದು, ಯಾಕಂದ್ರೆ ನಮಗಿಷ್ಟವಾದ ಭಾಗ ಯಾವಾಗ್ಲೂ ನಮ್ಮನ್ನ ಬಿಟ್ಟು ಪಕ್ಕದವರಿಗೇ ಬುದ್ಧಿ ಹೇಳುತ್ತೆ.

ಪಟ್ಟಿ ಇಲ್ಲ ಅಂದ್ರೆ ಕಥೆ ಇರೋ ಭಾಗ ತಗೊಳ್ಳಿ. ಮೊದಲ ಸಲಕ್ಕೆ ಪ್ರಕಟಣೆ ಪುಸ್ತಕ, ಅಂದ್ರೆ ದರ್ಶನ ಸಂಕೇತಗಳೇ ತುಂಬಿರೋ ಬೈಬಲ್ ಕೊನೇ ಪುಸ್ತಕ, ಬೇಡವೇ ಬೇಡ. ಇಲ್ಲಿ ಉದಾಹರಣೆಗೆ ನಾನು ಬೈಬಲ್ಲಿನ ರೂತಳು ಪುಸ್ತಕದ 2ನೇ ಅಧ್ಯಾಯ ಇಟ್ಕೋತೀನಿ, ತೋಟದ ಕಡೆಯವರಿಗೆ ಅದು ಬೇಗ ಹತ್ತುತ್ತೆ.

ಹಂತ 3: ಏನೂ ಬರೀದೆ ಓದಿ, ಹಿಂದೆ ಮುಂದೆ ಸೇರಿಸಿ ಓದಿ

ಸೋಮವಾರ ಮಂಗಳವಾರ ಬರೀ ಓದು. ಜೋರಾಗಿ ಓದಿ, ಮನೆಯವರು ನಕ್ಕರೂ ಪರವಾಗಿಲ್ಲ. ಕಿವಿಗೆ ಬಿದ್ದಾಗ ಗೊತ್ತಾಗೋದು ಕಣ್ಣಿಗೆ ಗೊತ್ತಾಗಲ್ಲ.

ನಿಮ್ಮ ಭಾಗದ ಹಿಂದಿನ ಅಧ್ಯಾಯ, ಮುಂದಿನ ಅಧ್ಯಾಯ ಎರಡೂ ಓದಲೇಬೇಕು. ಅಧ್ಯಾಯ ಮತ್ತು ವಚನದ ನಂಬರ್ ಬರೆದವರು ಹಾಕಿದ್ದಲ್ಲ. ಈಗ ನಾವು ಬಳಸೋ ಅಧ್ಯಾಯ ವಿಂಗಡಣೆ 13ನೇ ಶತಮಾನದಲ್ಲಿ ಸ್ಟೀಫನ್ ಲ್ಯಾಂಗ್ಟನ್ ಅನ್ನೋರು ಮಾಡಿದ್ದು, ಹೊಸ ಒಡಂಬಡಿಕೆಗೆ ಈಗಿರೋ ವಚನ ಸಂಖ್ಯೆ 1551ರಲ್ಲಿ ಪ್ಯಾರಿಸ್ಸಿನ ಮುದ್ರಕ ರಾಬರ್ಟ್ ಎಸ್ಟಿಯೆನ್ ಹಾಕಿದ್ದು. ಹುಡುಕೋಕೆ ಅನುಕೂಲ ಆಗ್ಲಿ ಅಂತ ಇಟ್ಟ ಮೈಲಿಗಲ್ಲು ಅವು. ನಾವು ಮೈಲಿಗಲ್ಲನ್ನೇ ಕಿತ್ಕೊಂಡು ಬಂದು ಫ್ರೇಮ್ ಹಾಕಿಸಿ ಗೋಡೆಗೆ ನೇತು ಹಾಕ್ತೀವಿ.

ಉದಾಹರಣೆ ಬೇಕಾ? ಯೆರೆಮೀಯ 29:11 ಹೊಸ ವರ್ಷದ ಕ್ಯಾಲೆಂಡರ್‌ನಲ್ಲಿ ಇದ್ದೇ ಇರುತ್ತೆ, ದೇವರು ನಿಮಗೆ ಒಳ್ಳೇ ಭವಿಷ್ಯ ಇಟ್ಟಿದ್ದಾನೆ ಅನ್ನೋ ಮಾತು. ಒಂದೇ ವಚನ ಹಿಂದಕ್ಕೆ ಹೋಗಿ, 29:10ರಲ್ಲಿ 70 ವರ್ಷ ಅಂತ ಇದೆ. ಬಾಬೆಲಿಗೆ (ಬ್ಯಾಬಿಲೋನ್) ಸೆರೆ ಹೋದ ಯೆಹೂದ್ಯರಿಗೆ ಬರೆದ ಪತ್ರ ಅದು, ಅಲ್ಲೇ ಮನೆ ಕಟ್ಕೊಳ್ಳಿ, ತೋಟ ಹಾಕಿ ಅಂತ 5ನೇ ವಚನ ಹೇಳುತ್ತೆ. ಕೇಳಿಸ್ಕೊಂಡ ದೊಡ್ಡವರಲ್ಲಿ ಹೆಚ್ಚಿನವರು ವಾಪಸ್ ಊರು ನೋಡೋ ಹಾಗೇ ಇರ್ಲಿಲ್ಲ. ಅದನ್ನ ಬಿಟ್ಟು ಬರೀ 11 ಓದಿ "ಈ ವರ್ಷ ನಿಮ್ಮ ಮಗನಿಗೆ ಕೆಲಸ ಗ್ಯಾರಂಟಿ" ಅಂದ್ರೆ ಡಿಸೆಂಬರ್‌ನಲ್ಲಿ ಆ ತಾಯಿ ಮುಖ ನೋಡೋಕೆ ನಿಮಗೆ ಆಗಲ್ಲ.

ಎರಡು ಅನುವಾದ ಯಾಕಂದ್ರೆ, ಹಳೇ ಸತ್ಯವೇದದ, ಅಂದ್ರೆ ಹಳೇ ಬೈಬಲ್ ಅನುವಾದದ, ಕನ್ನಡ ಕಿವಿಗೆ ಚೆಂದ, ಪ್ರಾರ್ಥನೆಗೆ ಚೆಂದ, ಆದ್ರೆ ಈಗಿನ ಹುಡುಗರಿಗೆ ಎಷ್ಟೋ ಪದ ಗೊತ್ತಾಗಲ್ಲ. ಸರಳ ಅನುವಾದ ಪಕ್ಕದಲ್ಲಿಟ್ರೆ ಎಲ್ಲಿ ಪದ ಬದಲಾಗಿದೆ ಅಂತ ಕಾಣುತ್ತೆ, ಅಲ್ಲೇ ನಿಂತು ಯೋಚಿಸಿ. ಹಳೇದ್ರಲ್ಲಿ ಯೆಹೋವನು ಅಂತ ಇರೋ ಕಡೆ ಕಥೋಲಿಕರು ಓದೋ ಅನುವಾದದಲ್ಲಿ ಸರ್ವೇಶ್ವರ ಅಂತ ಇರುತ್ತೆ, ಗಾಬರಿ ಬೇಡ, ಇಬ್ಬರು ದೇವರಲ್ಲ. ಯೂವರ್ಷನ್ ಬೈಬಲ್ ಆಪ್‌ನಲ್ಲಿ ಕನ್ನಡ ಅನುವಾದಗಳು ಪುಕ್ಕಟೆ ಸಿಗುತ್ತೆ, ಕೆಲವನ್ನ ಡೌನ್‌ಲೋಡ್ ಮಾಡಿಟ್ಕೋಬಹುದು, ಊರಲ್ಲಿ ನೆಟ್‌ವರ್ಕ್ ಇಲ್ಲ ಅನ್ನೋರು ಪೇಟೆಗೆ ಹೋದಾಗ್ಲೇ ಮಾಡ್ಕೊಳ್ಳಿ.

ಹಂತ 4: ಐದು ಪ್ರಶ್ನೆ, ಉತ್ತರ ನೋಟ್‌ಬುಕ್ಕಲ್ಲಿ

ಬುಧವಾರ ಪೆನ್ ತೆಗೀರಿ. ಯಾರು ಯಾರಿಗೆ ಹೇಳ್ತಿದ್ದಾರೆ? ಆಗ ಪರಿಸ್ಥಿತಿ ಏನು? ಯಾವ ಮಾತು ಮತ್ತೆ ಮತ್ತೆ ಬರುತ್ತೆ? ಇದರಲ್ಲಿ ದೇವರು ಎಂಥವನು ಅಂತ ಗೊತ್ತಾಗುತ್ತೆ? ನನಗೆ ಇಲ್ಲಿ ಏನು ಇರುಸುಮುರುಸು ಆಯ್ತು? ಕೊನೇ ಪ್ರಶ್ನೆ ಬಿಡಬೇಡಿ, ಪ್ರಸಂಗ ಹುಟ್ಟೋದು ಅಲ್ಲಿಂದಾನೇ.

ರೂತಳು 2ಕ್ಕೆ ಹಾಕಿ ನೋಡೋಣ. ಕಾಲ ನ್ಯಾಯಸ್ಥಾಪಕರದ್ದು, ಅಂದ್ರೆ ಇಸ್ರಾಯೇಲಿಗೆ ಇನ್ನೂ ರಾಜ ಇಲ್ಲ, ಪ್ರತಿಯೊಬ್ಬನೂ ತನಗೆ ಸರಿ ಕಂಡಿದ್ದು ಮಾಡ್ತಿದ್ದ ಕಾಲ. ಸಮಯ ಜವೆಗೋದಿ ಕುಯ್ಲು ಶುರುವಾದಾಗ. ರೂತಳು ವಿಧವೆ, ಮೋವಾಬ್ ದೇಶದವಳು, ಅತ್ತೆ ನೊವೊಮಿ ಜೊತೆ ಬೇತ್ಲೆಹೇಮಿಗೆ ಬಂದಿದ್ದಾಳೆ, ಮನೇಲಿ ಏನೂ ಇಲ್ಲ. ಹಕ್ಕಲಾಯೋಕೆ ಹೊರಡ್ತಾಳೆ. ಹಕ್ಕಲು ಅಂದ್ರೆ ಕೊಯ್ಯೋರು ಬಿಟ್ಟು ಹೋದ ತೆನೆ.

ಈಗ ಯಾಜಕಕಾಂಡ 19:9-10 ತೆಗೀರಿ. ಹೊಲದ ಅಂಚನ್ನ ಪೂರ್ತಿ ಕೊಯ್ಯಬೇಡಿ, ಹಕ್ಕಲು ಬಡವರಿಗೂ ಪರದೇಶದವರಿಗೂ ಬಿಡಿ ಅಂತ ಅಲ್ಲಿ ಕಟ್ಟಳೆ ಇದೆ. ಧರ್ಮೋಪದೇಶಕಾಂಡ 24:19ರಲ್ಲಿ ಮರೆತ ಸಿವುಡು, ಅಂದ್ರೆ ತೆನೆ ಕಟ್ಟು, ಪರದೇಶಿ, ಅನಾಥ, ವಿಧವೆ ಮೂವರಿಗೆ. ರೂತಳು ಈ ಮೂರರಲ್ಲಿ ಎರಡು. ಅಂದ್ರೆ ಅವಳು ಭಿಕ್ಷೆ ಬೇಡ್ತಿಲ್ಲ, ದೇವರು ಅವಳ ಹೆಸರಲ್ಲಿ ಬಿಡಿಸಿಟ್ಟಿದ್ದನ್ನ ಆರಿಸ್ಕೋತಿದ್ದಾಳೆ.

ಆಮೇಲೆ ಆ ಹೊಲದ ಯಜಮಾನ ಬೋವಜ ಏನು ಮಾಡ್ದ ಅಂತ ಒಂದೊಂದಾಗಿ ಬರ್ಕೊಳ್ಳಿ. ಹೊಲಕ್ಕೆ ಬಂದವನೇ ಆಳುಗಳನ್ನ ದೇವರ ಹೆಸರಲ್ಲಿ ಮಾತಾಡಿಸ್ತಾನೆ (ವಚನ 4). ಮೇಸ್ತ್ರಿ ಹತ್ರ ಅವಳ್ಯಾರು ಅಂತ ಕೇಳ್ತಾನೆ (5). ಇವಳ ಮೈ ಮುಟ್ಟಬಾರದು ಅಂತ ಹುಡುಗರಿಗೆ ಹೇಳಿರ್ತಾನೆ, ಅವರು ಸೇದಿಟ್ಟ ನೀರನ್ನೇ ಕುಡಿ ಅಂತಾನೆ (9). ಊಟಕ್ಕೆ ಪಕ್ಕದಲ್ಲೇ ಕೂರಿಸ್ಕೋತಾನೆ (14). ಸಿವುಡಿನಿಂದ ಬೇಕಂತಲೇ ತೆನೆ ಎಳೆದು ಬೀಳಿಸಿ, ಬೈಬೇಡಿ ಅಂತಾನೆ (16). ಈಗ 22ನೇ ವಚನಕ್ಕೆ ಬನ್ನಿ, ಬೇರೆ ಹೊಲಕ್ಕೆ ಹೋದ್ರೆ ನಿನಗೆ ತೊಂದರೆ ಆಗಬಹುದು ಅಂತ ನೊವೊಮಿ ಹೇಳ್ತಾಳೆ. ಅಂದ್ರೆ ಉಳಿದ ಹೊಲಗಳಲ್ಲಿ ಹೆಣ್ಮಕ್ಕಳಿಗೆ ಏನಾಗ್ತಿತ್ತು ಅಂತ ಊರಿಗೆಲ್ಲ ಗೊತ್ತಿತ್ತು. ನನಗೆ ಇರುಸುಮುರುಸು ಆಗಿದ್ದು ಆ ವಚನದಲ್ಲಿ. ಹತ್ತು ಸಲ ಓದಿದ್ದೆ, ಹನ್ನೊಂದನೇ ಸಲ ಕಂಡಿತು.

ಎಚ್ಚರಿಕೆ: ಈ ಕಥೆ ಇಟ್ಕೊಂಡು ಹುಡುಗೀರಿಗೆ "ನಿಮ್ಮ ಬೋವಜನಿಗೆ ಕಾಯಿರಿ" ಅಂತ ಮದುವೆ ಪ್ರಸಂಗ ಮಾಡೋ ರೂಢಿ ಇದೆ. 1:16ರ "ನೀನು ಹೋದಲ್ಲಿಗೆ ನಾನೂ ಬರ್ತೀನಿ" ಅನ್ನೋ ಮಾತನ್ನ ಮದುವೆ ಕಾರ್ಡಲ್ಲೂ ಹಾಕಿಸ್ತಾರೆ, ಅದು ಸೊಸೆ ಅತ್ತೆಗೆ ಹೇಳಿದ್ದು ಕಣ್ರಿ.

ಇನ್ನೊಂದು, ಹಕ್ಕಲು ಮತ್ತು ಹಕ್ಕು ಒಂದೇ ಥರ ಕೇಳುತ್ತಲ್ಲ, "ಹಕ್ಕಲು ಅಂದ್ರೇನೇ ಹಕ್ಕು" ಅಂತ ಹೇಳೋಕೆ ನಾಲಿಗೆ ತುರಿಸುತ್ತೆ, ನನಗೂ ತುರಿಸಿತ್ತು. ಹೇಳಬೇಡಿ. ಒಂದು ನಮ್ಮ ಹೊಲದ ಮಾತು, ಇನ್ನೊಂದು ಅರಬ್ಬಿಯಿಂದ ಬಂದ ಪದ. ಪ್ರಾಸ ಕೂಡಿದ ಮಾತ್ರಕ್ಕೆ ಉಪದೇಶ ಆಗಲ್ಲ.

ಹಂತ 5: ಒಂದೇ ಮಾತು

ಗುರುವಾರ ಇಷ್ಟನ್ನೂ ಒಂದು ಮಾತಿಗೆ ಇಳಿಸಿ. ನನ್ನದು ಹೀಗಿತ್ತು: ದೇವರು ಇಲ್ಲದವರಿಗೆ ಅಂತ ಇಟ್ಟ ಪಾಲನ್ನ ಬೋವಜ ಅವಳ ಮಾನ ಕಾಪಾಡಿ, ಕಟ್ಟಳೆ ಕೇಳಿದ್ದಕ್ಕಿಂತ ಜಾಸ್ತಿಯಾಗಿ ಕೊಟ್ಟ. ಈ ಮಾತಿಗೆ ಸೇರದ್ದು ಎಷ್ಟೇ ಚೆನ್ನಾಗಿದ್ರೂ ಹೊರಗೆ. ಸಮೀಪಬಂಧು, ಅಂದ್ರೆ ಕಷ್ಟಕ್ಕೆ ಸಿಕ್ಕಿದ ನೆಂಟರ ಜಮೀನು ಬಿಡಿಸಿಕೊಡೋ ಹೊಣೆ ಇರೋ ಬಂಧು, ಅದು ದೊಡ್ಡ ವಿಷಯ, ಅದನ್ನ ಇನ್ನೊಂದು ಭಾನುವಾರಕ್ಕೆ ಇಟ್ಟೆ. ಬಿಡೋಕೆ ಹೊಟ್ಟೆ ಉರಿಯುತ್ತೆ, ಬಿಡಿ.

ಹಂತ 6: ಉದಾಹರಣೆ ಊರಿಂದ ತನ್ನಿ, ಆದ್ರೆ ತೂಗಿ ನೋಡಿ

ಅಮೆರಿಕದ ವಿಮಾನದ ಪೈಲಟ್ ಕಥೆ, ಹಿಮದಲ್ಲಿ ಸಿಕ್ಕಿಹಾಕ್ಕೊಂಡ ಹುಡುಗನ ಕಥೆ ಬೇಡ. ಕಾಫಿ ಕುಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಬಿದ್ದ ಹಣ್ಣು ಆರಿಸೋದು ಲೈನ್ ಮನೆಯ, ಅಂದ್ರೆ ತೋಟದ ಕೂಲಿಯವರ ಸಾಲು ಮನೆಯ, ಪ್ರತಿ ಹೆಂಗಸಿಗೂ ಗೊತ್ತು, ಬಗ್ಗಿ ಬಗ್ಗಿ ಸೊಂಟ ಹಿಡ್ಕೊಳ್ಳೋದೂ ಗೊತ್ತು, ಒಣಗಿದ ಎಲೆ ಕೆದಕುವಾಗ ಕೆಳಗೆ ಏನಿರುತ್ತೋ ಅನ್ನೋ ಭಯಾನೂ ಗೊತ್ತು. ರೂತಳು ಸಾಯಂಕಾಲದವರೆಗೆ ಬಗ್ಗಿದ್ಲು ಅಂದ್ರೆ ನೀವು ವಿವರಿಸಬೇಕಾಗೇ ಇಲ್ಲ.

ಆದ್ರೆ ಹೋಲಿಕೆ ಎಲ್ಲಿ ಮುರಿಯುತ್ತೆ ಅಂತ್ಲೂ ಹೇಳಿ. ತೋಟದಲ್ಲಿ ಬಿದ್ದ ಹಣ್ಣು ಧಣಿಗಳದ್ದು, ಆರಿಸೋರಿಗೆ ಕೂಲಿ. ಬೇತ್ಲೆಹೇಮಲ್ಲಿ ಬಿದ್ದಿದ್ದು ಆರಿಸೋಳದ್ದೇ. ಈ ವ್ಯತ್ಯಾಸ ಮುಚ್ಚಿಟ್ರೆ ಅರ್ಧ ಜನಕ್ಕೆ ನಿಮ್ಮ ಮಾತು ಸುಳ್ಳು ಅನ್ಸುತ್ತೆ, ಎತ್ತಿ ಹೇಳಿದ್ರೆ ಕಟ್ಟಳೆ ಎಷ್ಟು ದೊಡ್ಡದು ಅಂತ ತಾನೇ ತಾನಾಗಿ ಕಾಣುತ್ತೆ.

ಹಾಸನದ ಕಡೆಯವರಿಗೆ ಒಂದು ಮಾತು. ಹೇಮಾವತಿ ಹಿನ್ನೀರಲ್ಲಿ ಮುಳುಗಿ ಏಳೋ ಶೆಟ್ಟಿಹಳ್ಳಿ ಚರ್ಚನ್ನ ಉದಾಹರಣೆಗೆ ತರೋದು ಸ್ವಲ್ಪ ವರ್ಷ ನಿಲ್ಸೋಣ. ವಿಶ್ವಾಸ ಮುಳುಗಲ್ಲ ಅಂತ ಒಬ್ರು, ಕಟ್ಟಡ ನಂಬಬೇಡಿ ಅಂತ ಇನ್ನೊಬ್ರು, ಆ ಗೋಡೆಗಳಿಗೂ ಸಾಕಾಗಿದೆ.

ಹಂತ 7: ನಿಮ್ಮ ಮಾತು ಹೊಡೆಯೋ ಕೋಲಾಗ್ತಿದೆಯಾ ಅಂತ ನೋಡ್ಕೊಳ್ಳಿ

ಶುಕ್ರವಾರದ ಕೆಲಸ, ಇಡೀ ವಾರದಲ್ಲಿ ಕಷ್ಟದ್ದು ಇದೇ. ಬರೆದಿದ್ದನ್ನ ಓದುತ್ತಾ ಕೇಳ್ಕೊಳ್ಳಿ: ಈ ಮಾತು ಬರೆಯುವಾಗ ಯಾರ ಮುಖ ಕಣ್ಣ ಮುಂದೆ ಬಂತು? ಒಬ್ಬರೇ ಒಬ್ಬರ ಮುಖ ಬಂದಿದ್ರೆ ಆ ಸಾಲು ಹೊಡೆದು ಹಾಕಿ. ಅವರ ಹತ್ರ ಹೇಳೋದಿದ್ರೆ ಅವರ ಮನೆಗೆ ಹೋಗಿ, ಮತ್ತಾಯ 18:15 ಹೇಳೋದು ಅದನ್ನೇ, ನೀವಿಬ್ಬರೇ ಇರುವಾಗ ಅಂತ. ಎದ್ದು ಉತ್ತರ ಕೊಡೋಕೆ ಆಗದ ಜಾಗದಲ್ಲಿ ಕೂತೋರನ್ನ ಮೇಲಿಂದ ಹೊಡೆಯೋದು ಸುಲಭ, ಸಭೆ ಒಡೆಯೋದೂ ಅದರಿಂದಾನೇ.

ಕೋಲಾಗಿ ಬಳಸೋ ವಚನಗಳಲ್ಲಿ ಎರಡನ್ನ ಹೇಳ್ಬಿಡ್ತೀನಿ. ಕೀರ್ತನೆ 105:15, ಅಭಿಷೇಕ ಹೊಂದಿದವರನ್ನ ಮುಟ್ಟಬೇಡಿ ಅನ್ನೋದು. ಕಾಣಿಕೆ ಲೆಕ್ಕ ಕೇಳಿದ್ರೂ ಇದೇ ವಚನ, ಯಾಕೆ ಹೀಗೆ ಮಾಡಿದ್ರಿ ಅಂದ್ರೂ ಇದೇ ವಚನ. 12ರಿಂದ ಓದಿ. ಅಲ್ಲಿರೋದು ಸ್ವಂತ ನೆಲ ಇಲ್ಲದೆ ದೇಶದಿಂದ ದೇಶಕ್ಕೆ ಅಲೀತಿದ್ದ ಅಬ್ರಹಾಮ, ಇಸಾಕ, ಯಾಕೋಬರು, ಎಚ್ಚರಿಕೆ ಸಿಕ್ಕಿದ್ದು ಅವರನ್ನ ಹಿಂಸೆ ಮಾಡಬಹುದಾಗಿದ್ದ ಅರಸರಿಗೆ. ಬಲ ಇಲ್ಲದವರನ್ನ ಕಾಯೋಕೆ ಹೇಳಿದ ಮಾತನ್ನ ಬಲ ಇರೋರು ಬೇಲಿ ಮಾಡ್ಕೊಂಡ್ರೆ ಹೇಗೆ? ದಾವೀದ ಅಭಿಷೇಕ ಹೊಂದಿದ ಅರಸ ಸೌಲನ ಮೇಲೆ ಕೈ ಎತ್ತಲಿಲ್ಲ ನಿಜ, ಆದ್ರೆ 1 ಸಮುವೇಲ 24ರಲ್ಲಿ ಗವಿಯಿಂದ ಆಚೆ ಬಂದು ಎಲ್ಲರಿಗೂ ಕೇಳೋ ಹಾಗೆ ಪ್ರಶ್ನೆ ಕೇಳ್ದ. ಯೇಸುವಿನ ಶಿಷ್ಯ ಪೇತ್ರ ತಪ್ಪು ಮಾಡಿದಾಗ ಅಪೊಸ್ತಲ ಪೌಲ ಮುಖಾಮುಖಿ ನಿಂತ, ಗಲಾತ್ಯ 2:11.

ಎರಡನೇದು ಮಲಾಕಿ 3:10, ದಶಮಾಂಶ. ಅಂದ್ರೆ ಹತ್ತರಲ್ಲಿ ಒಂದು ಪಾಲು. ಕೊಡೋದ್ರ ಬಗ್ಗೆ ಹೇಳಬೇಡಿ ಅಂತ ನಾನು ಹೇಳ್ತಿಲ್ಲ, ಹೇಳಿ, ಆದ್ರೆ ಅದೇ ಅಧ್ಯಾಯದ 5ನೇ ವಚನಾನೂ ಓದಿ, ಕೂಲಿಯವರ ಕೂಲಿ ಹಿಡಿಯೋರ ಮೇಲೆ, ವಿಧವೆ ಅನಾಥರನ್ನ ಬಾಧಿಸೋರ ಮೇಲೆ ದೇವರು ಸಾಕ್ಷಿ ನಿಲ್ತಾನಂತೆ. 1:6 ಮತ್ತು 2:1ರಲ್ಲಿ ನೇರವಾಗಿ ಯಾಜಕರನ್ನೇ ತರಾಟೆಗೆ ತಗೊಂಡಿದ್ದಾನೆ. ಈ ಮೂರು ಅಧ್ಯಾಯದಲ್ಲಿ ಜನರಿಗೆ ಬರೋ ಒಂದು ಮಾತನ್ನ ಹಿಡ್ಕೊಂಡು ಯಾಜಕರಿಗೆ ಬಂದಿದ್ದನ್ನ ಹಾರಿಸೋದು ಓದೋದಲ್ಲ. ದುಡ್ಡಿನ ವಿಷಯಕ್ಕೆ ನಾಯಕರು ಹೇಗಿರಬೇಕು ಅಂತ ಕೇಳಿದ್ರೆ 2 ಕೊರಿಂಥ 8:20-21 ತೋರ್ಸಿ. ಬಡವರ ಕಾಣಿಕೆ ಸಾಗಿಸುವಾಗ ಯಾರೂ ಬೆರಳು ತೋರಿಸಬಾರದು ಅಂತ ಪೌಲ ತನ್ನ ಜೊತೆಗೆ ಬೇರೆಯವರನ್ನೂ ಸೇರಿಸ್ಕೊಂಡ. ಪೌಲನಿಗೇ ಸಾಕ್ಷಿ ಬೇಕಾಗಿದ್ರೆ ನಮ್ಮ ಖಜಾಂಚಿಗೆ ಬೇಡ್ವಾ?

ಇದನ್ನೂ ಕೋಲು ಮಾಡ್ಕೊಂಡು ಅಯ್ಯನವರು ಇಲ್ಲದ ದಿನ ಅವರನ್ನೇ ಹೊಡೆಯೋಕೆ ಹೋಗಬೇಡಿ ಮತ್ತೆ. ಅವರ ಜಾಗದಲ್ಲಿ ನಿಂತು ಅವರ ಬೆನ್ನ ಹಿಂದೆ ಮಾತಾಡೋದಕ್ಕಿಂತ ಕೆಟ್ಟದ್ದಿಲ್ಲ. ಹಿರಿಯರ ಮೇಲೆ ದೂರು ಇದ್ರೆ ಇಬ್ಬರು ಮೂವರು ಸಾಕ್ಷಿ ಇಟ್ಕೊಂಡು ತರಬೇಕಾದ ಕ್ರಮ 1 ತಿಮೊಥೆ 5:19ರಲ್ಲಿದೆ.

ಹಂತ 8: ನಿಂತಾಗ

20 ನಿಮಿಷ. ಗಡಿಯಾರ ನಿಮಗೆ ಕಾಣೋ ಕಡೆ ಇರ್ಲಿ. ಶನಿವಾರ ಒಂದು ಸಲ ಮನೇಲಿ ನಿಂತು ಹೇಳಿ ನೋಡಿ, 30 ಆದ್ರೆ ಮೂರನೇ ಒಂದು ಭಾಗ ಕತ್ತರಿಸಿ. ವಾಕ್ಯಭಾಗ ಓದೋದನ್ನ ಚೆನ್ನಾಗಿ ಓದೋರಿಗೆ ಒಂದು ದಿನ ಮುಂಚೆ ಕೊಡಿ, ಬೋವಜ, ಎಲೀಮೆಲೆಕ ಅನ್ನೋ ಹೆಸರುಗಳನ್ನ ಮೊದಲೇ ಬಾಯಿಗೆ ರೂಢಿ ಮಾಡ್ಕೊಳ್ಲಿ.

"ನಾನು ಏನೂ ಅಲ್ಲ, ನನಗೆ ಯೋಗ್ಯತೆ ಇಲ್ಲ" ಅಂತ ಐದು ನಿಮಿಷ ಶುರು ಮಾಡಬೇಡಿ, ಜನಕ್ಕೆ ಅದು ಗೊತ್ತಿದೆ. ಪುಸ್ತಕದ ಕನ್ನಡಕ್ಕೆ ಹೋಗಬೇಡಿ, ಮನೇಲಿ ಮಾತಾಡೋ ಹಾಗೇ ಮಾತಾಡಿ. ತೋಟದ ಸಭೆಗಳಲ್ಲಿ ತಮಿಳು, ಕೊಂಕಣಿ, ತುಳು, ಮಲಯಾಳಂ ಮನೆಮಾತಿನವರು ಇರ್ತಾರೆ, ಚಿಕ್ಕ ಚಿಕ್ಕ ವಾಕ್ಯ, ನಿಧಾನ. ಮೈಕ್ ಬೇಕಾ ಅಂತ ಕೇಳಿದ್ರೆ, 30 ಜನಕ್ಕೆ ಬೇಡ. ಗೊತ್ತಿಲ್ಲದ ಪ್ರಶ್ನೆ ಯಾರಾದ್ರೂ ಕೇಳಿದ್ರೆ ಗೊತ್ತಿಲ್ಲ, ಅಯ್ಯನವರನ್ನ ಕೇಳಿ ಹೇಳ್ತೀನಿ ಅನ್ನಿ. ಮತ್ತೆ ನಿಜವಾಗ್ಲೂ ಕೇಳಿ.

ಯಾರದ್ದೇ ಕಾಯಿಲೆ, ಸಾಲ, ಮನೆ ಜಗಳ ಪ್ರಾರ್ಥನೆಯ ಹೆಸರಲ್ಲಿ ಮೈಕಲ್ಲಿ ಹೇಳಬೇಡಿ. ಮಾತ್ರೆ ನಿಲ್ಸಿ, ವಿಶ್ವಾಸ ಸಾಕು ಅಂತ ಸತ್ತರೂ ಹೇಳಬೇಡಿ. ಹೊಟ್ಟೆ ಸರಿಯಿಲ್ಲದ ತನ್ನ ಜೊತೆಗಾರ ತಿಮೊಥೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಪೌಲನೇ ಮದ್ದು ಹೇಳಿದ್ದಾನೆ.

ಹಂತ 9: ಮುಗಿದ ಮೇಲೆ

ಬಾಗಿಲ ಹತ್ರ ಎಲ್ಲರೂ "ಚೆನ್ನಾಗಿತ್ತು" ಅಂತಾರೆ, ಅದನ್ನ ಲೆಕ್ಕಕ್ಕೆ ಇಡಬೇಡಿ. ಟೀ ಕುಡಿಯುವಾಗ ಇಬ್ಬರನ್ನ, ಒಬ್ಬ ಹೈಸ್ಕೂಲ್ ಹುಡುಗ ಒಬ್ರು ವಯಸ್ಸಾದೋರು, ಹಿಡ್ಕೊಂಡು "ಇವತ್ತು ಏನು ಹೇಳಿದ್ದು ಅಂತ ನಿಮಗನ್ಸ್ತು?" ಅಂತ ಕೇಳಿ. ಹಂತ 5ರಲ್ಲಿ ನೀವು ಬರೆದ ಮಾತಿಗೆ ಅವರ ಉತ್ತರ ಎಷ್ಟು ಹತ್ರ ಬಂತು ಅಂತ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ನನ್ನ ರೂತಳ ಪ್ರಸಂಗಕ್ಕೆ ಆ ಹುಡುಗ ಹೇಳಿದ್ದು "ಊಟಕ್ಕೆ ಪಕ್ಕದಲ್ಲಿ ಕೂರಿಸ್ಕೊಂಡ" ಅಂತ ಅಷ್ಟೇ. ನಾನು ಅದರ ಬಗ್ಗೆ ಅರ್ಧ ನಿಮಿಷ ಮಾತಾಡಿದ್ದೆ, ಮುಂದಿನ ಸಲಕ್ಕೆ ಅಲ್ಲಿಂದಲೇ ಶುರು ಮಾಡಬೇಕು ಅಂತ ಗೊತ್ತಾಯ್ತು.

ತಾರೀಕು, ಭಾಗ, ಆ ಒಂದು ಮಾತು, ಇಷ್ಟನ್ನ ಒಂದು ಪುಟಕ್ಕೆ ಇಳಿಸಿ ನೋಟ್‌ಬುಕ್ಕನ್ನ ಚರ್ಚ್ ಬೀರುವಲ್ಲೇ ಇಡಿ. ಮುಂದಿನ ಸಲ ಹಿರಿಯರು ಇನ್ಯಾರದ್ದೋ ತಲೆಗೆ ಕಟ್ಟಿದಾಗ ಅವರು ಮತ್ತೆ ರೂತಳು 2ಕ್ಕೇ ಬರೋದು ತಪ್ಪುತ್ತೆ, ಅಯ್ಯನವರಿಗೂ ತಾವು ಇಲ್ಲದಾಗ ಜನ ಏನು ಕೇಳಿಸ್ಕೊಂಡ್ರು ಅಂತ ಗೊತ್ತಾಗುತ್ತೆ.